ಎರಡು ರಾತ್ರಿಗೆ ಮುಂಗಡ

ಬೆಲ್ಟು ಕಳಚಿದ್ದೇನೆ. ಗಿರಣಿ ನಿಂತರೂ
ಕಿವಿಯೊಳಗೆ ಇನ್ನೂ ಅರ್ಧ ಗಂಟೆ ತಿರುಗುತ್ತದೆ.
ಮೂವತ್ತೊಂದು ವರ್ಷ:
ಕಡಂಬುಟ್ಟಿಗೆ ತರಿ, ರೊಟ್ಟಿಗೆ ನುಣ್ಣಗೆ,
ಮೆಣಸಿನಕಾಯಿಯ ದಿನ ಬೀದಿಗೆಲ್ಲ ಸೀನು.
ಕುಶಾಲನಗರದ ಈ ಬಾಗಿಲಲ್ಲಿ ನಿಂತು
ಘಟ್ಟ ಹತ್ತುವ ಕಾರುಗಳನ್ನು ನೋಡಿದ್ದೇನೆ,
ನೆತ್ತಿಗೆ ಕಟ್ಟಿದ ಪೆಟ್ಟಿಗೆ, ಸೈಕಲ್ಲು, ಮಕ್ಕಳ ಈಜುಟ್ಯೂಬು.
ನಿಲ್ಲಿಸಿ ಕೇಳಿದವರಿಗೆ ಹಿಟ್ಟಿನ ಕೈಯೆತ್ತಿ ತೋರಿಸಿದ್ದೇನೆ:
ಇನ್ನೂ ಮುಂದೆ, ಆಮೇಲೆ ಎಡಕ್ಕೆ, ನೀರು ಕಾಣುತ್ತೆ.

ನಾನು ಆ ಎಡಕ್ಕೆ ತಿರುಗಿದವನೇ ಅಲ್ಲ.

ಲೋಲಾಕ್ಷಿ ಹೋದ ತಿಂಗಳ ಕ್ಯಾಲೆಂಡರ್ ಹರಿದು
ಬೆನ್ನ ಮೇಲೆ ಪಟ್ಟಿ ಬರೆಯುತ್ತಾಳೆ:
ರಗ್ಗು, ಟಾರ್ಚು, ನಿಮ್ಮ ಬಿಪಿ ಮಾತ್ರೆ,
ಅಕ್ಕಿಹಿಟ್ಟು ಒಂದು ಕೇಜಿ.
ಹಿಟ್ಟನ್ನು ಹೊಡೆದು ಹಾಕಿದಳು.
ಅದರ ಕೆಳಗೆ, "ಅಲ್ಲಿ ಅಡುಗೆ ನಾನಲ್ಲ" ಎಂದು ಬರೆದು
ಎರಡು ಗೆರೆ ಎಳೆದಳು.

ಚಿಕ್ಲಿಹೊಳೆಯ ಹಿನ್ನೀರ ದಂಡೆ,
ಸಿಲ್ವರ್ ಓಕ್ ಹಲಗೆಯ ಒಂದೇ ಕೋಣೆ,
ಯಾರೋ ಕೊಟ್ಟ ನಂಬರು, ದೇಚಮ್ಮ ಎಂಬವರದು.
ಶನಿವಾರ ಭಾನುವಾರ ಮೂರು ಸಾವಿರವಂತೆ,
ಸಂತೆಯ ಮರುದಿನ ಬಂದರೆ ಅದರ ಅರ್ಧ.
"ಕೂಗಬೇಡಿ," ಎಂದರು, "ನನಗೆ ಕಿವಿ ಕೇಳುತ್ತೆ."

ನಾಚಿಕೆಯಾಗಿ ದನಿ ಇಳಿಸಿದೆ.
"ಅಲ್ಲಿ ಸದ್ದು ಎಷ್ಟಿರುತ್ತೆ?"
ಇಂಥದ್ದನ್ನು ಯಾರೂ ಕೇಳಿರಲಿಲ್ಲವೇನೋ,
ಟಿವಿ ಇದೆಯಾ, ಬಿಸಿನೀರು ಇದೆಯಾ ಎಂದೇ ಕೇಳುವವರು.
ಸ್ವಲ್ಪ ಯೋಚಿಸಿದರು.
"ಸುಳ್ಳು ಹೇಳೋದಿಲ್ಲ. ಬೆಳಿಗ್ಗೆ ಪಲ್ಪರ್ ಓಡುತ್ತೆ.
ನೀರುಕಾಗೆಗಳ ಜಗಳ. ಕಪ್ಪೆಗೆ ಹೊತ್ತುಗೊತ್ತಿಲ್ಲ.
ಆನೆ ಇಳಿದರೆ ಹುಡುಗರು ಪಟಾಕಿ ಹೊಡೀತಾರೆ,
ಆವಾಗ ಬಾಗಿಲು ತೆಗೀಬೇಡಿ.
ನನ್ನ ಯಜಮಾನರು ಗೊರಕೆ ಹೊಡೀತಿದ್ರು,
ಅದೊಂದು ಈಗಿಲ್ಲ."

ಏನು ಹೇಳಬೇಕೋ ತೋಚದೆ
"ಫೋನನ್ನು ಸ್ವಲ್ಪ ನೀರಿನ ಕಡೆ ಹಿಡೀತೀರಾ?" ಎಂದೆ.

ಚಪ್ಪಲಿ. ತರಗೆಲೆ. ನಾಯಿಗೆ ಒಂದು ಬೈಗುಳ.
ಮತ್ತೆ ಚಪ್ಪಲಿ, ಈ ಸಲ ಮಣ್ಣಿನ ಮೇಲೆ.
ಆಮೇಲೆ ಏನೂ ಇಲ್ಲ.
ಏನೂ ಇಲ್ಲ ಎಂಬುದು ಕೆರೆಯದೋ, ನನ್ನ ಕಿವಿಯದೋ?
ಆಳದಲ್ಲಿ ಕಲ್ಲು ಕಲ್ಲಿಗೆ ಉಜ್ಜುತ್ತಲೇ ಇತ್ತು,
ಅದು ಅಲ್ಲಿಯದಲ್ಲ, ನನಗೆ ಗೊತ್ತು.
ಫೋನನ್ನು ಲೋಲಾಕ್ಷಿಗೆ ದಾಟಿಸಿದೆ.

ಪೆನ್ಸಿಲನ್ನು ತುರುಬಿಗೆ ಸಿಕ್ಕಿಸಿ
ಕಣ್ಣು ಮುಚ್ಚಿ ನಿಂತಳು.
ಮದುವೆಯಾದಾಗಿನಿಂದ ಅವಳು ನನ್ನ ಜೊತೆ
ಈ ಯಂತ್ರಕ್ಕಿಂತ ಒಂದು ಮೆಟ್ಟಿಲು ಮೇಲಿನ ದನಿಯಲ್ಲೇ ಮಾತಾಡಿದವಳು.
ಈಗ ಮೆಲ್ಲಗೆ,
ಎಷ್ಟು ಮೆಲ್ಲಗೆ ಎಂದರೆ ತುಟಿ ನೋಡಿ ತಿಳಿಯಬೇಕಾಯಿತು:
"ದೂರದಲ್ಲಿ ಯಾರೋ ಬಟ್ಟೆ ಒಗೀತಿದಾರೆ ಕಣ್ರಿ."

ಐನೂರು ಕಳಿಸಿದೆ. ಉಳಿದದ್ದು ಬಂದ ಮೇಲೆ.
ಪಟ್ಟಿಗೆ ಅವಳು ಇನ್ನೊಂದು ಸೇರಿಸಿದಳು, ಸೋಪು,
ನೀರಿಗಿಳಿದು ತಾನೂ ಒಗೆಯುವವಳ ಹಾಗೆ.
ನಾನು ಸೀಮೆಸುಣ್ಣ ಹುಡುಕಿ
ಡಬ್ಬಿಯ ತಗಡಿನ ಮೇಲೆ ಬರೆದೆ:
ಬುಧವಾರ, ಗುರುವಾರ ಗಿರಣಿ ಇರುವುದಿಲ್ಲ.

ಈ ಗಿರಣಿ ಸುಮ್ಮನೆ ಮುಚ್ಚಿದ್ದನ್ನು ಬೀದಿ ಕಂಡಿಲ್ಲ.
ಅಪ್ಪ ತೀರಿಕೊಂಡಾಗ ಮೂರು ದಿನ,
ಮೋಟಾರು ಸುಟ್ಟಾಗ ಒಂದು ವಾರ.
ಅಕ್ಕಿಚೀಲ ಹೊತ್ತು ಬಂದ ಬೆಳ್ಯಪ್ಪ
ಓದಿದ, ಚೀಲ ಇಳಿಸಿದ,
ದನಿ ತಗ್ಗಿಸಿ ಕೇಳಿದ: "ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನೂ ಆಗಿಲ್ಲ ಮಾರಾಯ!"
ನಾನು ಕೂಗಿದೆ,
ನಿಂತ ಯಂತ್ರದ ಪಕ್ಕದಲ್ಲಿ.