ಸುಳಿದರೆ ಸಾಕು

ಮೂರು ಗಂಟೆಯ ದೋಣಿ, ನೈಋತ್ಯದ ಗಾಳಿ,
ಕಾರುಗಳಿಗೆ ಜಾಗವಿಲ್ಲ, ನನ್ನದೇ ತಪ್ಪು ಮಾರ್ಯುನ್,
ಅಪ್ಪನ ಕುರಿಗಳ ಪಾಲಿನ ದಿನ ನಾನು ಹಾಗನ್ನಬಾರದಿತ್ತು

ಫಾರೋ ದ್ವೀಪದ ಈ ಧಕ್ಕೆಯ ಫಲಕದಲ್ಲಿ
ಹತ್ತೊಂಬತ್ತು ನಿಮಿಷ ಹೊಳೆಯಿತು ಇದು.
ಓದಿದವರು ಉಣ್ಣೆಟೋಪಿ ಕೆಳಗೆಳೆದುಕೊಂಡರು.
ಒಬ್ಬ ಮಾತ್ರ ಕಚೇರಿಯ ಗಾಜು ತಟ್ಟಿ ಕೇಳಿದ:
ಹಾಗಾದರೆ ಸೈಕಲ್ಲಿಗೆ ಜಾಗವಿದೆಯೇ?

ನನ್ನನ್ನು ಕರೆದರು. ದೋಣಿಯ ಎಂಜಿನ್ನೂ ನನ್ನದೇ,
ಕಂಪ್ಯೂಟರೂ ನನ್ನದೇ. ಕೈಗೆ ಗ್ರೀಸು ಮೆತ್ತಿದವನಿಗೆ
ಎಲ್ಲ ಗೊತ್ತಿರುತ್ತದೆಂದು ಊರಿನ ಲೆಕ್ಕ.

ಸುನ್ವಾ ಕುರ್ಚಿ ಬಿಟ್ಟುಕೊಟ್ಟಳು, ಮುಖ ತೋರಿಸಲಿಲ್ಲ.
ಪರದೆಯಲ್ಲಿ ಎರಡು ಕಿಟಕಿ, ಅಂಚಿಗೆ ಅಂಚು ತಾಗಿ:
ಇತ್ತ ವೇಳಾಪಟ್ಟಿ, ಅತ್ತ ತಂಗಿಗೆ
ಮೂರು ಚಳಿಗಾಲದಿಂದ ಮುಗಿಯದ ಕಾಗದ.
ಬಾಣ ಹೋದಲ್ಲಿಗೆ ಅಕ್ಷರ ಹರಿಯುವ ಏರ್ಪಾಟು.
ಒತ್ತಬೇಕಿಲ್ಲ, ಸುಳಿದರೆ ಸಾಕು.
ಅವಳಿಗಿಂತ ಮುಂಚೆ ಕೂತಿದ್ದ ಯಾರೋ ಅವಸರದವನು
ಮಾಡಿಟ್ಟು ಹೋದದ್ದು.
ಕಾಫಿ ಬಟ್ಟಲಿಗೆ ಕೈ ಚಾಚಿದಳಂತೆ,
ಮೊಣಕೈ ತಾಗಿತಂತೆ,
ಮೌಸು ಎರಡು ಬೆರಳಷ್ಟು ಜಾರಿತಂತೆ. ಅಷ್ಟೇ.

ಮೊದಲು ಬಾಣದ ವೇಗ ಇಳಿಸಿದೆ.
ಜೋಡಿ ಒತ್ತಿನ ನಡುವಣ ಬಿಡುವು ಹಿಗ್ಗಿಸಿದೆ.
ತೋರುಬೆರಳಿಗೆ ಸಂಧಿವಾತ ಅವಳಿಗೆ,
ಒಂದಾದ ಮೇಲೆ ಇನ್ನೊಂದಕ್ಕೆ ಒಂದು ಉಸಿರು ಬೇಕು.
ಆಮೇಲೆ ಆ ಚಿಕ್ಕ ಚೌಕ:
ಒತ್ತಿದರಷ್ಟೇ ಗಮನ. ಗುರುತು ಹಾಕಿದೆ.

ಇನ್ನು ತಾನಾಗಿ ಏನೂ ಆಗುವುದಿಲ್ಲ, ಎಂದೆ.
ಏನೂ? ಎಂದಳು.

ಮಾರ್ಯುನ್ ನೋಡಿದಳೇ? ಕೇಳಬಾರದಿತ್ತು, ಕೇಳಿದೆ.
ಅವಳಿರುವುದು ಆಚೆ ದ್ವೀಪ.
ಅಲ್ಲಿಯ ಧಕ್ಕೆಯಲ್ಲೂ ಇದೇ ಫಲಕ, ಇದೇ ತಂತಿ.
ಮಂಗಳವಾರ ಮೀನಿಗೆಂದು ಇಳಿದು ಬರುತ್ತಾಳೆ.
ಅವತ್ತು ಮಂಗಳವಾರ.

ಪರೀಕ್ಷೆಗೆಂದು ಮೌಸು ಅವಳ ಕೈಗೆ ಕೊಟ್ಟೆ.
ಬಾಣ ನಿಧಾನಕ್ಕೆ ಕಾಗದದ ಮೇಲೆ ಹೋಗಿ ನಿಂತಿತು,
ಬಂಡೆಯ ಮೇಲೆ ಕಡಲಹಕ್ಕಿ ಕೂತ ಹಾಗೆ, ರೆಕ್ಕೆ ಮಡಿಸದೆ.
ಕಾಗದ ಮಂಕಾಗಿಯೇ ಇತ್ತು.
ಕಾಯುತ್ತಿತ್ತು ಎನ್ನಲಾರೆ, ಯಂತ್ರ ಕಾಯುವುದಿಲ್ಲ.
ಅವಳ ಬೆರಳು ಗುಂಡಿಗೆ ತಾಗಿತ್ತು,
ಒತ್ತಿರಲಿಲ್ಲ.

ದೋಣಿಯ ಸಿಳ್ಳೆ ಕೇಳಿ ಎದ್ದೆ. ಹೊರಗೆ ಫಲಕದಲ್ಲಿ
ಐದು ಗಂಟೆಯ ದೋಣಿ, ನೈಋತ್ಯದ ಗಾಳಿ,
ಕಾರುಗಳಿಗೆ ಜಾಗವಿದೆ.
ಓದಿ ಮುಗಿದ ಮೇಲೂ ಧಕ್ಕೆಯ ಜನ
ಕೊನೆಯ ಸಾಲಿನ ಕೆಳಗಿನ ಖಾಲಿಯನ್ನು
ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದರು.