ನೂರಿಪ್ಪತ್ತೋ ನೂರನಲವತ್ತೋ

ಮೈಮು ಕಾಗದ ಬರೆದಿದ್ದಾಳೆ,
ಹನ್ನೊಂದು ವರ್ಷದ ಮೇಲೆ, ಎರಡೇ ಸಾಲು:
ಕೊಲ್ಲಿಯ ಮಂಜುಗಡ್ಡೆ ಒಡೆದ ಮೇಲೆ ಹಾಪ್ಸಾಲುವಿಗೆ ಬರುತ್ತೇವೆ.
ಎರಡು ರಾತ್ರಿ ಇರುತ್ತೇವೆ.

ಬರುತ್ತೇವೆ ಎಂದರೆ ಯಾರು ಯಾರು?
ಉರ್ಮಸ್ ಕನ್ನಡಕ ಒರೆಸಿ ಮತ್ತೊಮ್ಮೆ ಓದಿದ.
ತಂಗಿ ಅವನಿಗೆ. ಲೆಕ್ಕ ನನಗೆ.
ಆ ಒಂದು ‘ವೆ’ ಎಷ್ಟು ಸೆಂಟಿಮೀಟರ್ ಅಗಲ?

ತೊಂಬತ್ತಾದರೆ ಒಬ್ಬಳಿಗೆ, ಆಸ್ಪತ್ರೆಯ ಹಾಗೆ.
ನೂರರವತ್ತು ಗಂಡಹೆಂಡಿರಿಗೆ;
ಅದನ್ನು ಹಾಕಿದರೆ ಬಾಗಿಲು ಅರ್ಧವೇ ತೆರೆಯುತ್ತದೆ,
ಬಂದವರು ಹೊಟ್ಟೆ ಎಳೆದುಕೊಂಡು ಅಡ್ಡಡ್ಡ ನುಸುಳಬೇಕು.
ಒಬ್ಬಳೇ ಬಂದಳೋ,
ಖಾಲಿ ಬದಿಗೆ ಕೈಚೀಲ ಇಟ್ಟು ಮಲಗುತ್ತಾಳೆ.
ನೂರಿಪ್ಪತ್ತು ಇದೆಯಲ್ಲ, ಅಂದ ತಾಲ್ಲಿನ್ನಿನ ಅಂಗಡಿಯ ಹುಡುಗ,
ಒಬ್ಬರಿಗೆ ಧಾರಾಳ, ಇಬ್ಬರಿಗೆ ಪ್ರೀತಿಯಿದ್ದರೆ ಸಾಕು.
ಅವನಿಗೆ ಇಪ್ಪತ್ತೆರಡು ಇರಬಹುದು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂದವರು
ಇನ್ನೊಬ್ಬರ ಕಾಲಿಗೆಂದು ಹಾಸಿಗೆ ಕೊಂಡವರಲ್ಲ.

ತಲೆದೆಸೆಯ ಹಲಗೆಗಳದೇ ಒಂದು ಸಾಲು ಅಲ್ಲಿ:
ಬೂದು ಬಟ್ಟೆ ಹೊದಿಸಿ ಗುಂಡಿ ಒತ್ತಿದ್ದು,
ಬರ್ಚ್ ಮರದ ಸರಳಿನದು, ದೊಡ್ಡವರ ತೊಟ್ಟಿಲು,
ಕಬ್ಬಿಣದ ಬಳ್ಳಿ ಹೆಣೆದದ್ದು, ಥೇಟ್ ನನ್ನ ಅಜ್ಜಿಯ ಗೋರಿಯ ಬೇಲಿ.
ಹಲಗೆಯೇ ಬೇಡ, ಅಂದ ಉರ್ಮಸ್,
ಒರಗಲಿಕ್ಕೆ ಗೋಡೆ ಇದೆಯಲ್ಲ.
ಬರೀ ಅಳತೆಯ ಚೀಟಿ ಹಿಡಿದು ಬಸ್ಸು ಹತ್ತಿದೆವು.

ಬಣ್ಣ ಬಳಿಯುವವರ ನೀಲಿ ಟೇಪಿನಲ್ಲಿ
ನೆಲದ ಮೇಲೆ ಮಂಚ ಬರೆದೆವು.
ನೂರಿಪ್ಪತ್ತರೊಳಗೆ ಮಲಗಿದೆವು, ಕೋಟು ಸಮೇತ.
ಅವನ ಮೊಣಕೈ ಟೇಪಿನಾಚೆ ಜಾರಿ
ಸಮುದ್ರಕ್ಕೆ ಬಿತ್ತು, ಅಂದ.
ಎಷ್ಟೋ ದಿನವಾಗಿತ್ತು ಹಾಗೆ ನಕ್ಕು.
ನಲವತ್ತು ವರ್ಷದ ಮನೆ,
ಈ ಸೂರನ್ನು ಮಲಗಿ ನೋಡಿರಲಿಲ್ಲ.
ದೀಪದ ಪಕ್ಕ ಒಂದು ಬಿರುಕು. ಕಿಟಕಿ ಇಷ್ಟು ತಗ್ಗಿನಲ್ಲಿದೆಯೆಂದು
ನಿಂತವರಿಗೆ ತಿಳಿಯುವುದಿಲ್ಲ.

ಚಳಿ, ಅಂದು ಅವನು ಎದ್ದುಹೋದ.
ಗೋಡೆಯಾಚೆ ನಮ್ಮ ಕೋಣೆ.
ಡ್ರಾಯರ್ ಎಳೆದದ್ದು ಕೇಳಿಸಿತು.
ಚಪ್ಪಲಿ, ಒಂದು. ಆಮೇಲೆ ಇನ್ನೊಂದು.
ತನ್ನಷ್ಟಕ್ಕೆ ಗೊಣಗಿದ್ದು: ಎಲ್ಲಿಟ್ಟಳೋ ಉಣ್ಣೆಯ ಕಾಲುಚೀಲ.
ಒಂದಕ್ಷರ ಬಿಡದೆ. ಪಕ್ಕದ ದಿಂಬಿನಿಂದ ಹೇಳಿದ ಹಾಗೆ.

ಉರ್ಮಸ್, ಅಂದೆ. ಕೂಗಲಿಲ್ಲ.
ಏನು, ಅಂದ ಆಚೆಯಿಂದ, ಅಷ್ಟೇ ಮೆಲ್ಲಗೆ.
ಆಮೇಲೆ ಇಬ್ಬರೂ ಸುಮ್ಮನಾದೆವು,
ಅವನು ಅಲ್ಲಿ, ನಾನಿಲ್ಲಿ.

ಆ ಬೆಳಗ್ಗೆ ಮೈಮು ಕಾಫಿಗೂ ಕೂರಲಿಲ್ಲ.
ಹೊದಿಕೆಯ ಅಂಚಿಗೆ ಅಂಚು ಕೂಡಿಸಿ ಮಡಿಸಿಟ್ಟು
ಏಳರ ಬಸ್ಸಿಗೆ ಹೊರಟಳು.
ಏನಾಯಿತು ಅವಳಿಗೆ, ಏನಾಯಿತು ಅಂತ
ಹನ್ನೊಂದು ವರ್ಷ ಕೇಳಿಕೊಂಡೆವು
ಇದೇ ಗೋಡೆಯ ಆ ಬದಿಯಲ್ಲಿ ಮಲಗಿ.
ಗೋಡೆಗೂ ಕಿವಿಯಿದೆ ಅನ್ನುತ್ತಾರೆ. ಗೋಡೆಗೆ ಏನೂ ಇರಲಿಲ್ಲ,
ಎರಡು ತೆಳು ಹಲಗೆ, ನಡುವೆ ತುರುಕಿದ ಹಳೆಯ ಪತ್ರಿಕೆ.
ಕಿವಿ ಇದ್ದದ್ದು ಅವಳಿಗೆ.

ಹೇಳಿದ್ದು ಅವನಲ್ಲ, ನಾನು:
ಗಂಡ ಸತ್ತದ್ದನ್ನೇ ಇನ್ನೆಷ್ಟು ತಿಂಗಳು ಉಣ್ಣುತ್ತಾಳೆ ನಿನ್ನ ತಂಗಿ.
ಅವನು ನಕ್ಕಿದ್ದ. ಸಣ್ಣಗೆ.
ಅದೂ ಕೇಳಿಸಿರಬೇಕು.

ಸೋಮವಾರ ಅಂಗಡಿಗೆ ಫೋನು ಮಾಡಿದೆ. ನೂರನಲವತ್ತು, ಅಂದೆ.
ತಲೆಹಲಗೆ ಬೂದು ಬಟ್ಟೆಯದು, ಇರುವುದರಲ್ಲಿ ದಪ್ಪನೆಯದು.
ಒರಗಿ ಓದುವವರಾ? ಕೇಳಿದ ಹುಡುಗ.
ಹೌದು, ಅಂದೆ.
ಮಂಚದ ತಲೆಯನ್ನು ಕಿಟಕಿಯ ಕಡೆ ತಿರುಗಿಸುವುದೆಂದಾಗಿದೆ;
ಹಲಗೆ ಅರ್ಧ ಕೊಲ್ಲಿಯನ್ನು ನುಂಗುತ್ತದೆ.
ಮಿಕ್ಕರ್ಧ ಸಾಕು ಬಿಡು, ಅನ್ನುತ್ತಾನೆ ಉರ್ಮಸ್,
ಮಂಜು ಮೊದಲು ಒಡೆಯುವುದು ಆ ಬದಿಯಲ್ಲೇ.

ಗುರುವಾರ ವ್ಯಾನು ಬರುತ್ತದಂತೆ.
ನೀಲಿ ಟೇಪನ್ನು ಇನ್ನೂ ಕಿತ್ತಿಲ್ಲ.
ಕಿಟಕಿ ಒರೆಸಲು ಹೋದಾಗ
ಅದನ್ನು ದಾಟುವುದಿಲ್ಲ ನಾನು,
ಬಳಸಿಕೊಂಡು ಹೋಗುತ್ತೇನೆ.