ಅಳತಿ

ನರ್ಸಬಾಯಿ ಹೊಟ್ಟಿಗೆ ಟೇಪ್ ಸುತ್ತಿ
"ನಲವತ್ತೆರಡೂವರಿ" ಅಂದ್ಲು.
ಸಡಲ ಹಿಡದೀರಿ ಬಾಯಾರ, ಅಂದೆ.
ಹುಬ್ಬಳ್ಳಿ ದುರ್ಗದಬೈಲದಾಗ ಮೂವತ್ತು ವರ್ಷ
ಇಂಥಾದ ಟೇಪು ನನ್ನ ಕೊರಳಾಗಿತ್ತು.
ಮುಂಜಾನಿ ಒಂದು ಪಾಕೀಟು ಹರೀಲಾರದ
ಸೂಜ್ಯಾಗ ದಾರ ಹೋಗ್ತಿರಲಿಲ್ಲ, ಅದೂ ಖರೆ.

ಡಾಕ್ಟರು ಕೈ ಚಾಚ್ರಿ ಅಂದ್ರು. ಚಾಚಿದೆ.
ಎರಡೂ ಅಂಗೈ ಬಿದ್ದು ಎದ್ದು ಬಿದ್ದವು,
ಬಕ್ರಂ ಹಾಕದ ಕಾಲರಿನಂಗ.
ಕಣ್ಣಿನ ಬಣ್ಣಕ್ಕ ಹೊಂದೂ ದಾರ
ನನ್ನ ಡಬ್ಬ್ಯಾಗ ಐತಿ,
ಅರಿಷಿಣದ ಉಂಡಿ ಪಕ್ಕದ್ದು.

ನಿನ್ನೆ ಐದು ಲೀಟರ್ ನೀರು ತಗದ್ರು.
ಇವತ್ತ ಮತ್ತ ಬಿಗಿ.

ನೀಲಗಂಗವ್ವ ಕಾಟಿನ ಬುಡಕ ಕುಂತು
ನನ್ನ ಪೈಜಾಮದ ಸೊಂಟಕ್ಕ
ಹಳೇ ಲಂಗದ ತುಂಡು ಜೋಡಸ್ತಾಳ.
"ಕಚ್ಚಾ ಹಾಕೀನಿ," ಅಂತಾಳ,
"ಹೊಟ್ಟಿ ಇಳದ ಮ್ಯಾಲ ಬಿಚ್ಚಾಕ ಬೇಕಲ್ಲ."

ಹೊಲಗಿ ಸೊಟ್ಟ ಐತಿ
ಅಂತ ಅನ್ನಲಿಲ್ಲ ನಾ.
ಲಗ್ನಾದಾಗಿಂದ ಇದ ಮೊದಲ ಸಲ.